ಹಳೆಯ ವರ್ಕ್‌ಸ್ಟೇಷನ್‌ನಲ್ಲಿ ಕಾರಣ ತಿಳಿಯದ ಇಂಟರಪ್ಟ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪನಿಗಳು ಬಳಸಿ ಬಿಟ್ಟ ವರ್ಕ್‌ಸ್ಟೇಷನ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಆನ್‌ಲೈನ್‌ನಲ್ಲೂ ಕಡಿಮೆ ಬೆಲೆಗೆ ಸಿಗುತ್ತವೆ. 2009ರಲ್ಲಿ ಬಂದ ಎಚ್‌ಪಿ ಝಡ್400, ಝಡ್600, ಝಡ್800, ಡೆಲ್ ಪ್ರಿಸಿಷನ್ ಟಿ3500, ಟಿ5500, ಟಿ7500 ಈಗಲೂ ಡಿಟಿಪಿ, ಕ್ಯಾಡ್, ವಿಡಿಯೊ ಎಡಿಟಿಂಗ್ ಕೆಲಸಕ್ಕೆ ಗಟ್ಟಿ ಯಂತ್ರಗಳೇ. ಆದರೆ ಇವುಗಳ ಬಗ್ಗೆ ಒಂದು ದೂರು ಮತ್ತೆ ಮತ್ತೆ ಬರುತ್ತದೆ: ಯಾವ ಪ್ರೋಗ್ರಾಂ ತೆರೆಯದಿದ್ದರೂ ಪ್ರೊಸೆಸರ್‌ಗೆ ಬಿಡುವಿಲ್ಲ, ಮೌಸ್ ತಡವರಿಸುತ್ತದೆ, ಹಾಡು ಕೇಳುವಾಗ ಚಟ್ ಚಟ್ ಸದ್ದು. ಆ ಕುರಿತ ಪ್ರಶ್ನೆಗಳು ಇಲ್ಲಿವೆ. ಆಜ್ಞೆ ಮತ್ತು ಕಡತಗಳ ಹೆಸರನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

## ಶುರುವಿನ ಪ್ರಶ್ನೆಗಳು

ಟಾಸ್ಕ್ ಮ್ಯಾನೇಜರ್‌ನಲ್ಲಿ "ಸಿಸ್ಟಮ್ ಇಂಟರಪ್ಟ್ಸ್" ಅಂತ ಒಂದು ಶೇ. 20 ಸಿಪಿಯು ತಿನ್ನುತ್ತಿದೆ. ವೈರಸ್ಸಾ? ಎಂಡ್ ಟಾಸ್ಕ್ ಕೊಡಬಹುದಾ?

ವೈರಸ್ ಅಲ್ಲ, ಪ್ರೋಗ್ರಾಂ ಕೂಡ ಅಲ್ಲ. ಕೀಬೋರ್ಡ್, ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಮುಂತಾದವು ತಮ್ಮ ಕಡೆ ಗಮನ ಬೇಕಾದಾಗ ಪ್ರೊಸೆಸರ್‌ಗೆ ಸಂಕೇತ ಕಳಿಸುತ್ತವೆ. ಈ ಸಂಕೇತವೇ ಇಂಟರಪ್ಟ್. ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ಬಿಟ್ಟು ಆ ಸಾಧನದ ಡ್ರೈವರ್‌ನಲ್ಲಿರುವ ಪುಟ್ಟ ಭಾಗವೊಂದನ್ನು ಓಡಿಸುತ್ತದೆ. ಇದಕ್ಕೆ ಐಎಸ್‌ಆರ್ ಎನ್ನುತ್ತಾರೆ. ತುಸು ತಡೆದು ಮಾಡಬಹುದಾದ ಉಳಿದ ಕೆಲಸ ಡಿಪಿಸಿ ಎಂಬ ಸಾಲಿಗೆ ಹೋಗುತ್ತದೆ. ಈ ಎರಡಕ್ಕೂ ಹಿಡಿದ ಒಟ್ಟು ಸಮಯವನ್ನು ವಿಂಡೋಸ್ ಆ ಒಂದೇ ಹೆಸರಿನಲ್ಲಿ ತೋರಿಸುತ್ತದೆ. ಡೀಟೇಲ್ಸ್ ಟ್ಯಾಬ್‌ನಲ್ಲಿ ನೋಡಿದರೆ ಅದಕ್ಕೆ ಪ್ರೊಸೆಸ್ ಸಂಖ್ಯೆಯೇ ಇರುವುದಿಲ್ಲ, ಒಂದು ಅಡ್ಡಗೆರೆ ಇರುತ್ತದೆ. ಹಾಗಾಗಿ ನಿಲ್ಲಿಸಲು ಅಲ್ಲಿ ಏನೂ ಇಲ್ಲ. ಸಂಕೇತ ಕಳಿಸುತ್ತಿರುವ ಸಾಧನವನ್ನೇ ಹುಡುಕಬೇಕು.

ಎಷ್ಟಿದ್ದರೆ ಮಾಮೂಲು, ಎಷ್ಟಾದರೆ ಚಿಂತೆ ಮಾಡಬೇಕು?

ಯಂತ್ರ ಸುಮ್ಮನಿದ್ದಾಗ ಶೇ. 1ರ ಒಳಗಿರಬೇಕು. ದೊಡ್ಡ ಕಡತ ನಕಲಾಗುವಾಗ, ಗಿಗಾಬಿಟ್ ನೆಟ್‌ವರ್ಕ್ ತುಂಬಿ ಹರಿಯುವಾಗ ಸ್ವಲ್ಪ ಏರಿ ಇಳಿಯುವುದು ಸಹಜ.

ಆದರೆ ಈ ಶೇಕಡಾವನ್ನು ನಂಬುವ ಮೊದಲು ಯಂತ್ರದಲ್ಲಿ ಎಷ್ಟು ಥ್ರೆಡ್ (ಪ್ರೊಸೆಸರ್ ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆ) ಇವೆ ಎಂದು ಎಣಿಸಿ. ಎರಡು ಆರು-ಕೋರ್ ಝಿಯಾನ್ ಇರುವ ಝಡ್800ರಲ್ಲಿ ಹೈಪರ್‌ಥ್ರೆಡಿಂಗ್ ಸೇರಿ 24 ಥ್ರೆಡ್. ಅದರಲ್ಲಿ ಒಂದು ಇಂಟರಪ್ಟ್‌ನಲ್ಲೇ ಪೂರ್ತಿ ಸಿಕ್ಕಿಬಿದ್ದಿದ್ದರೂ ಒಟ್ಟು ಲೆಕ್ಕದಲ್ಲಿ ಕಾಣುವುದು ಶೇ. 4 ಮಾತ್ರ. "ಬರೀ ನಾಲ್ಕು ಪರ್ಸೆಂಟ್" ಎಂದು ಬಿಟ್ಟುಬಿಡುವವರು ಬಹಳ. ಅದೇ ದೋಷ ನಾಲ್ಕು ಥ್ರೆಡ್‌ನ ಯಂತ್ರದಲ್ಲಿ ಶೇ. 25 ಆಗಿ ಕಣ್ಣಿಗೆ ರಾಚುತ್ತದೆ.

ಸರಿಯಾದ ಲೆಕ್ಕಕ್ಕೆ ಪರ್ಫಾರ್ಮೆನ್ಸ್ ಮಾನಿಟರ್ ತೆರೆದು, ಪ್ರೊಸೆಸರ್ ಗುಂಪಿನಿಂದ ಇಂಟರಪ್ಟ್ಸ್ ಪರ್ ಸೆಕೆಂಡ್, ಇಂಟರಪ್ಟ್ ಟೈಮ್, ಡಿಪಿಸಿ ಟೈಮ್ ಎಂಬ ಮೂರು ಕೌಂಟರ್‌ಗಳನ್ನು ಪ್ರತಿ ಕೋರ್‌ಗೂ ಬೇರೆಬೇರೆಯಾಗಿ ಸೇರಿಸಿ. ಒಂದೇ ಕೋರ್ ಮೇಲೆ ಸೆಕೆಂಡಿಗೆ ಹತ್ತಾರು ಸಾವಿರ ಇಂಟರಪ್ಟ್ ಬೀಳುತ್ತಿದ್ದು ಉಳಿದವು ತಣ್ಣಗಿದ್ದರೆ ಅದು ಇಂಟರಪ್ಟ್‌ಗಳ ಪ್ರವಾಹ. ಇಂಟರಪ್ಟ್ ಸಂಖ್ಯೆ ಕಡಿಮೆಯಿದ್ದು ಡಿಪಿಸಿ ಸಮಯ ಮಾತ್ರ ಹೆಚ್ಚಿದ್ದರೆ ಹಾರ್ಡ್‌ವೇರ್‌ಗಿಂತ ಡ್ರೈವರ್ ಮೇಲೆಯೇ ಹೆಚ್ಚು ಅನುಮಾನ ಪಡಬೇಕು.

ಬ್ರೌಸರ್ ತೆರೆದ ತಕ್ಷಣ ಇಂಟರಪ್ಟ್ ಸಂಖ್ಯೆ ಸಾವಿರ ದಾಟುತ್ತದೆ. ಇದೂ ದೋಷವೇ?

ಅಲ್ಲ. ವಿಂಡೋಸ್‌ನ ಗಡಿಯಾರ ಮಾಮೂಲಾಗಿ 15.6 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ 64 ಸಲ ಮಿಡಿಯುತ್ತದೆ. ಬ್ರೌಸರ್, ಆಡಿಯೊ ಪ್ರೋಗ್ರಾಂಗಳು ಅದನ್ನು 1 ಮಿಲಿಸೆಕೆಂಡಿಗೆ ಇಳಿಸಲು ಕೋರಬಹುದು. ಆಗ ಸೆಕೆಂಡಿಗೆ ಸಾವಿರ. ಗೇಮಿಂಗ್ ಮೌಸ್ ಕೂಡ 125ರ ಬದಲು 1000 ಹರ್ಟ್ಸ್‌ನಲ್ಲಿ ವರದಿ ಮಾಡುತ್ತದೆ. ಯಾವ ಪ್ರೋಗ್ರಾಂ ಗಡಿಯಾರವನ್ನು ಚುರುಕುಗೊಳಿಸಿದೆ ಎಂದು ತಿಳಿಯಬೇಕಿದ್ದರೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಆಜ್ಞೆಯನ್ನು ಎನರ್ಜಿ ಆಯ್ಕೆಯೊಂದಿಗೆ ಓಡಿಸಿ. 60 ಸೆಕೆಂಡಿನಲ್ಲಿ ವರದಿ ಸಿಗುತ್ತದೆ.

ಕ್ಯಾಬಿನೆಟ್ ಬಿಚ್ಚುವ ಮೊದಲೇ ಇದು ಹಾರ್ಡ್‌ವೇರ್ ದೋಷವೋ ಡ್ರೈವರ್ ದೋಷವೋ ಅಂತ ತಿಳಿಯಲು ದಾರಿ ಇದೆಯಾ?

ಇದೆ, ಖರ್ಚೂ ಇಲ್ಲ. ಉಬುಂಟು ಅಥವಾ ಡೆಬಿಯನ್‌ನ ಲೈವ್ ಆವೃತ್ತಿಯನ್ನು ಪೆನ್‌ಡ್ರೈವ್‌ಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಬೂಟ್ ಮಾಡಿ. ಟರ್ಮಿನಲ್‌ನಲ್ಲಿ ಪ್ರೋಕ್ ಡೈರೆಕ್ಟರಿಯೊಳಗಿನ ಇಂಟರಪ್ಟ್ಸ್ ಕಡತವನ್ನು ಕ್ಯಾಟ್ ಆಜ್ಞೆಯಿಂದ ಓದಿ. ಹತ್ತು ಸೆಕೆಂಡ್ ಬಿಟ್ಟು ಮತ್ತೆ ಓದಿ ವ್ಯತ್ಯಾಸ ತೆಗೆಯಿರಿ. ವಾಚ್ ಆಜ್ಞೆಯನ್ನು ಡಿ ಆಯ್ಕೆಯೊಂದಿಗೆ ಕೊಟ್ಟರೆ ಬದಲಾಗುವ ಅಂಕಿಗಳು ತಾವೇ ಎದ್ದು ಕಾಣುತ್ತವೆ.

ಎಲ್‌ಒಸಿ ಎಂಬ ಸಾಲು ಪ್ರತಿ ಕೋರ್‌ನ ಗಡಿಯಾರ, ಆರ್‌ಇಎಸ್ ಎಂಬುದು ಕೋರ್‌ಗಳ ನಡುವಿನ ಮಾತುಕತೆ. ಇವು ಏರುತ್ತಲೇ ಇರುತ್ತವೆ, ಅವನ್ನು ಬಿಡಿ. ಸಂಖ್ಯೆಯಿಂದ ಶುರುವಾಗುವ ಸಾಲುಗಳಲ್ಲಿ ಯಾವುದಾದರೂ ಒಂದು, ಯಾರೂ ಏನೂ ಮಾಡದಿರುವಾಗಲೂ ಸೆಕೆಂಡಿಗೆ ಸಾವಿರಾರು ಏರುತ್ತಿದ್ದರೆ ಎರಡು ಬೇರೆ ಬೇರೆ ಓಎಸ್‌ಗಳಲ್ಲಿ ಒಂದೇ ರೋಗ ಕಂಡಂತಾಯಿತು. ಆಗ ಹಾರ್ಡ್‌ವೇರ್ ಅಥವಾ ಬಯಾಸ್ (ಓಎಸ್‌ಗೂ ಮೊದಲು ಓಡುವ ಮದರ್‌ಬೋರ್ಡ್‌ನ ತಂತ್ರಾಂಶ) ಕಡೆ ಹೊರಳಿ. ಲಿನಕ್ಸ್‌ನಲ್ಲಿ ಎಲ್ಲ ಶಾಂತವಾಗಿದ್ದು ವಿಂಡೋಸ್‌ನಲ್ಲಿ ಮಾತ್ರ ಕಾಟವಿದ್ದರೆ ಸ್ಕ್ರೂಡ್ರೈವರ್ ಕೆಳಗಿಟ್ಟು ಡ್ರೈವರ್ ನೋಡಿ. ಈ ಅರ್ಧ ಗಂಟೆಯ ಪರೀಕ್ಷೆ ಮಾಡದೆ ರ‍್ಯಾಮ್, ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಡಬ್ಬಿ) ಕೊಳ್ಳಲು ಹೋಗಬೇಡಿ.

ಮೊದಲು ಏನನ್ನು ಕಿತ್ತು ನೋಡಲಿ?

ಸುಲಭವಾಗಿ ಕಿತ್ತು ಮತ್ತೆ ಹಾಕಬಹುದಾದುದರಿಂದ ಶುರು ಮಾಡಿ, ಒಂದೊಂದೇ ತೆಗೆಯಿರಿ, ಪ್ರತಿ ಸಲವೂ ಕೌಂಟರ್ ನೋಡಿ ಬರೆದಿಡಿ. ಎರಡನ್ನು ಒಟ್ಟಿಗೆ ತೆಗೆದರೆ ಯಾವುದರಿಂದ ಸರಿಹೋಯಿತೆಂದು ಮತ್ತೆ ಹುಡುಕಬೇಕಾಗುತ್ತದೆ.

ಮೊದಲು ಯುಎಸ್‌ಬಿ: ಹಬ್, ಪ್ರಿಂಟರ್, ಕಾರ್ಡ್ ರೀಡರ್, ಡಾಂಗಲ್, ವೆಬ್‌ಕ್ಯಾಮ್. ಕೀಬೋರ್ಡ್ ಮೌಸ್ ಮಾತ್ರ ಹಿಂಬದಿಯ ಪೋರ್ಟ್‌ನಲ್ಲಿರಲಿ. ನಂತರ ನೆಟ್‌ವರ್ಕ್ ಕೇಬಲ್. ಆಮೇಲೆ ಡಿವಿಡಿ ಡ್ರೈವ್‌ನೊಳಗಿನ ಡಿಸ್ಕ್. ಗೀರು ಬಿದ್ದ ಡಿಸ್ಕನ್ನು ಡ್ರೈವ್ ಓದಲು ಹೆಣಗುತ್ತಿದ್ದರೂ ಇದೇ ಲಕ್ಷಣ ಬರುತ್ತದೆ. ಇಷ್ಟರಲ್ಲಿ ಸಿಗದಿದ್ದರೆ ಬಯಾಸ್‌ಗೆ ಹೋಗಿ ಬಳಸದ ಸೀರಿಯಲ್, ಪ್ಯಾರಲಲ್, ಫ್ಲಾಪಿ, ಫೈರ್‌ವೈರ್, ಆನ್‌ಬೋರ್ಡ್ ಸೌಂಡ್ ಇವನ್ನು ಒಂದೊಂದಾಗಿ ಆಫ್ ಮಾಡಿ. ಕೊನೆಗೆ ಸ್ಲಾಟ್‌ನ ಕಾರ್ಡ್‌ಗಳು: ಹಳೆಯ ಪಿಸಿಐ ಕಾರ್ಡ್‌ಗಳು ಮೊದಲು, ಗ್ರಾಫಿಕ್ಸ್ ಕಾರ್ಡ್ ಎಲ್ಲಕ್ಕಿಂತ ಕೊನೆಗೆ.

ಮುಂಬದಿಯ ಯುಎಸ್‌ಬಿ ಪೋರ್ಟ್‌ಗಳನ್ನು ಟಾರ್ಚ್ ಹಿಡಿದು ನೋಡಿ. ಒಳಗಿನ ಲೋಹದ ಪಿನ್ ಬಾಗಿ ಪಕ್ಕದ ಪಿನ್‌ಗೋ ಕವಚಕ್ಕೋ ತಾಗುತ್ತಿದ್ದರೆ ಏನನ್ನೂ ಸಿಕ್ಕಿಸದಿದ್ದರೂ "ಕರೆಂಟ್ ಹೆಚ್ಚಾಯಿತು" ಎಂಬ ಸಂಕೇತ ನಿಲ್ಲದೆ ಹೋಗುತ್ತಿರಬಹುದು. ಮದರ್‌ಬೋರ್ಡ್‌ನಿಂದ ಆ ಮುಂಬದಿಯ ಕೇಬಲ್ಲನ್ನೇ ಕಳಚಿ ನೋಡಿದರೆ ಸಂಶಯ ತೀರುತ್ತದೆ.

ಕಾರ್ಡ್ ಕೀಳುವ ಮೊದಲು ಗೋಡೆಯ ಪ್ಲಗ್ ತೆಗೆದು, ಪವರ್ ಬಟನ್ನನ್ನು ಐದು ಸೆಕೆಂಡ್ ಒತ್ತಿಹಿಡಿಯಿರಿ. ಬಣ್ಣ ಹಚ್ಚದ ಲೋಹದ ಭಾಗವನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ ಇಳಿಸಿಕೊಳ್ಳಿ.

## ಮೂಲ ಹುಡುಕುವಾಗ

ಡ್ರೈವರ್‌ಗಳು ಹಿಡಿಯುವ ಸಮಯ ಅಳೆಯುವ ಲೇಟೆನ್ಸಿಮಾನ್ ಪ್ರೋಗ್ರಾಂ ಓಡಿಸಿದೆ. ಕೆಂಪು ಬಣ್ಣದಲ್ಲಿ ಯಾವುದೋ ಕಡತದ ಹೆಸರು ಬಂತು. ಅದೇ ಕಳ್ಳನಾ?

ಸಾಮಾನ್ಯವಾಗಿ ಹೌದು, ಆದರೆ ಕೆಲವು ಹೆಸರು ದಾರಿ ತಪ್ಪಿಸುತ್ತವೆ. ಕನಿಷ್ಠ ಹತ್ತು ನಿಮಿಷ ಓಡಿಸಿ, ಡ್ರೈವರ್ಸ್ ಟ್ಯಾಬ್‌ಗೆ ಹೋಗಿ ಎರಡು ರೀತಿ ವಿಂಗಡಿಸಿ ನೋಡಿ: ಒಮ್ಮೆ ಸಂಖ್ಯೆಯ ಪ್ರಕಾರ, ಇನ್ನೊಮ್ಮೆ ಅತಿ ಹೆಚ್ಚು ಹಿಡಿದ ಸಮಯದ ಪ್ರಕಾರ. ಐಎಸ್‌ಆರ್ 25 ಮೈಕ್ರೊಸೆಕೆಂಡ್, ಡಿಪಿಸಿ 100 ಮೈಕ್ರೊಸೆಕೆಂಡ್ ಮೀರಬಾರದೆಂದು ಮೈಕ್ರೋಸಾಫ್ಟ್ ಡ್ರೈವರ್ ಬರೆಯುವವರಿಗೆ ಹೇಳುತ್ತದೆ. ಒಮ್ಮೊಮ್ಮೆ 300 ಮುಟ್ಟಿದರೆ ಗಾಬರಿ ಬೇಡ. ಪದೇ ಪದೇ 1000 ದಾಟಿದರೆ ಸದ್ದು ಮುರಿಯಲು ಶುರುವಾಗುತ್ತದೆ.

ಎನ್‌ವಿಎಲ್‌ಡಿಡಿಎಂಕೆಎಂ ಎಂದರೆ ಎನ್‌ವಿಡಿಯಾ ಗ್ರಾಫಿಕ್ಸ್. ಎನ್‌ಡಿಐಎಸ್ ಮತ್ತು ಟಿಸಿಪಿಐಪಿ ಕಂಡರೆ ನೆಟ್‌ವರ್ಕ್ ಕಾರ್ಡ್ ಅಥವಾ ಆಂಟಿವೈರಸ್‌ನ ಫೈರ್‌ವಾಲ್ ನೋಡಿ. ಯುಎಸ್‌ಬಿಪೋರ್ಟ್ ಎಂದರೆ ಯುಎಸ್‌ಬಿ ಸಾಧನ, ಸ್ಟೋರ್‌ಪೋರ್ಟ್ ಅಥವಾ ಅಟಾಪೋರ್ಟ್ ಎಂದರೆ ಡಿಸ್ಕ್, ಎಸಿಪಿಐ ಎಂದರೆ ಬಯಾಸ್ ಮತ್ತು ವಿದ್ಯುತ್ ನಿರ್ವಹಣೆ. ಇವುಗಳಲ್ಲಿ ಹಲವು ಮೈಕ್ರೋಸಾಫ್ಟ್‌ನದೇ ಕಡತಗಳು, ಅವುಗಳ ಮೂಲಕ ಹಾದುಹೋಗುವ ಬೇರೆಯವರ ಕೆಲಸವೂ ಅವುಗಳ ಲೆಕ್ಕಕ್ಕೇ ಸೇರುತ್ತದೆ. ಡಬ್ಲ್ಯುಡಿಎಫ್01000 ಅಂತೂ ಡ್ರೈವರ್‌ಗಳಿಗೆ ಆಧಾರವಾಗಿರುವ ಚೌಕಟ್ಟು ಮಾತ್ರ. ಅದನ್ನು ಅಳಿಸಲು ಹೋಗಬೇಡಿ. ಅದರ ಹಿಂದಿರುವವರು ಯಾರೆಂದು ತಿಳಿಯಲು ಡಿವೈಸ್ ಮ್ಯಾನೇಜರ್‌ನಲ್ಲಿ ಅನುಮಾನವಿರುವ ಸಾಧನಗಳನ್ನು ಒಂದೊಂದಾಗಿ ಡಿಸೇಬಲ್ ಮಾಡಿ ನೋಡಿ. ಇಲ್ಲವೇ ವಿಂಡೋಸ್ ಪರ್ಫಾರ್ಮೆನ್ಸ್ ರೆಕಾರ್ಡರ್‌ನಲ್ಲಿ ಒಂದು ನಿಮಿಷದ ದಾಖಲೆ ತೆಗೆದು ವಿಂಡೋಸ್ ಪರ್ಫಾರ್ಮೆನ್ಸ್ ಅನಲೈಸರ್‌ನಲ್ಲಿ ಡಿಪಿಸಿ ಮತ್ತು ಐಎಸ್‌ಆರ್ ಅವಧಿಯ ನಕ್ಷೆ ತೆರೆಯಿರಿ, ಯಾವ ಡ್ರೈವರ್‌ನ ಯಾವ ಭಾಗ ಎಷ್ಟು ಸಮಯ ತಿಂದಿತೆಂದು ಅಲ್ಲಿ ಸಿಗುತ್ತದೆ.

ಹಾರ್ಡ್‌ಡಿಸ್ಕ್ ಓದುವಾಗ ಮಾತ್ರ ಇಡೀ ಸಿಸ್ಟಮ್ ಹೆಪ್ಪುಗಟ್ಟುತ್ತದೆ. ಡಿಸ್ಕ್ ಹೋಯಿತಾ?

ಡಿಸ್ಕ್ ಹೋಗಿರಬಹುದು, ಕೇಬಲ್ ಹೋಗಿರುವ ಸಾಧ್ಯತೆಯೂ ಅಷ್ಟೇ ಇದೆ. ಡಿಸ್ಕ್ ಡಿಎಂಎ ಕ್ರಮದಲ್ಲಿದ್ದಾಗ ದತ್ತಾಂಶ ನೇರವಾಗಿ ಮೆಮೊರಿಗೆ ಹೋಗುತ್ತದೆ, ಪ್ರೊಸೆಸರ್‌ಗೆ ಕೊನೆಯಲ್ಲೊಂದು ಸೂಚನೆ ಬರುತ್ತದೆ ಅಷ್ಟೆ. ಹಳೆಯ ಐಡಿಇ (ಡಿಸ್ಕ್ ಜೋಡಿಸುವ ಹಿಂದಿನ ವಿಧಾನ) ಡ್ರೈವರ್‌ನಲ್ಲಿ ಆರಕ್ಕಿಂತ ಹೆಚ್ಚು ಸಲ ಟೈಮ್‌ಔಟ್ ಅಥವಾ ಸಿಆರ್‌ಸಿ ದೋಷ (ದತ್ತಾಂಶ ದಾರಿಯಲ್ಲಿ ಕೆಟ್ಟದ್ದು) ಬಂದರೆ ವಿಂಡೋಸ್ ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾ ಕೊನೆಗೆ ಪಿಐಒ ಕ್ರಮಕ್ಕೆ ಬರುತ್ತದೆ. ಅಲ್ಲಿ ಪ್ರತಿ ತುಣುಕನ್ನೂ ಪ್ರೊಸೆಸರ್ ಕೈಯಾರೆ ಎತ್ತಿಡಬೇಕು. ಪಿಐಒದ ಅತ್ಯುನ್ನತ ಹಂತದಲ್ಲೂ ಗರಿಷ್ಠ ವೇಗ ಸೆಕೆಂಡಿಗೆ 16.7 ಎಂಬಿ.

ಡಿವೈಸ್ ಮ್ಯಾನೇಜರ್‌ನಲ್ಲಿ ಐಡಿಇ ಚಾನೆಲ್‌ನ ಪ್ರಾಪರ್ಟೀಸ್ ತೆರೆದು ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಈಗಿನ ಕ್ರಮ ಯಾವುದೆಂದು ನೋಡಿ. ಪಿಐಒ ಇದ್ದರೆ ಆ ಚಾನೆಲ್ಲನ್ನು ಅನ್‌ಇನ್‌ಸ್ಟಾಲ್ ಮಾಡಿ ಯಂತ್ರ ಮರುಪ್ರಾರಂಭಿಸಿದರೆ ಮತ್ತೆ ಡಿಎಂಎಗೆ ಬರುತ್ತದೆ. ಮೂಲ ದೋಷ ಹಾಗೇ ಇದ್ದರೆ ಕೆಲವೇ ದಿನಗಳಲ್ಲಿ ಮತ್ತೆ ಇಳಿಯುತ್ತದೆ. ಅದಕ್ಕೇ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅಥವಾ ಸ್ಮಾರ್ಟ್‌ಸಿಟಿಎಲ್‌ನಲ್ಲಿ 199ನೇ ಸಂಖ್ಯೆಯ ಗುಣಾಂಶ, ಅಂದರೆ ಸಿಆರ್‌ಸಿ ದೋಷಗಳ ಎಣಿಕೆ, ನೋಡಿ. ಅದು ಏರುತ್ತಿದ್ದರೆ ಡೇಟಾ ಕೇಬಲ್ ಬದಲಿಸಿ. ಕೇಬಲ್ ಬದಲಿಸಿದ ಮೇಲೂ ಹಳೆಯ ಅಂಕಿ ಸೊನ್ನೆಯಾಗುವುದಿಲ್ಲ. ಮುಂದೆ ಏರದಿದ್ದರೆ ಗೆದ್ದಿರಿ. 5 ಮತ್ತು 197ನೇ ಗುಣಾಂಶಗಳು ಏರುತ್ತಿದ್ದರೆ ಮಾತ್ರ ಡಿಸ್ಕೇ ಸಾಯುತ್ತಿದೆ, ಇಂದೇ ಬ್ಯಾಕಪ್ ತೆಗೆಯಿರಿ. ಅಗಲ ಪಟ್ಟಿಯ ಹಳೆಯ ಐಡಿಇ ಕೇಬಲ್ ಇರುವವರು 80 ತಂತಿಯದನ್ನೇ ಬಳಸಬೇಕು. 40 ತಂತಿಯದು ಅಲ್ಟ್ರಾ ಡಿಎಂಎ 2ಕ್ಕಿಂತ ಮೇಲಿನ ವೇಗಕ್ಕೆ ಸಲ್ಲದು.

ಸಾಟಾ ಡಿಸ್ಕ್ ಇದ್ದರೂ ಬಯಾಸ್‌ನಲ್ಲಿ ಐಡಿಇ ಕ್ರಮ ಆಯ್ಕೆಯಾಗಿದ್ದರೆ ಇದೇ ಪಾಡು. ಅದನ್ನು ಸಾಟಾದ ಸ್ವಂತ ಕ್ರಮವಾದ ಎಎಚ್‌ಸಿಐಗೆ ಬದಲಿಸಿ, ಆದರೆ ನೇರವಾಗಿ ಬದಲಿಸಿದರೆ ವಿಂಡೋಸ್ ನೀಲಿ ಪರದೆಯಲ್ಲಿ ನಿಂತುಬಿಡಬಹುದು. ವಿಂಡೋಸ್ 8 ಅಥವಾ 10 ಆಗಿದ್ದರೆ ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಗುರುತು ಹಾಕಿ, ಮರುಪ್ರಾರಂಭಿಸುವಾಗ ಬಯಾಸ್‌ನಲ್ಲಿ ಎಎಚ್‌ಸಿಐ ಆರಿಸಿ, ಸೇಫ್ ಮೋಡ್‌ಗೆ ಒಮ್ಮೆ ಬಂದು ಆ ಗುರುತು ತೆಗೆದು ಮತ್ತೆ ಮರುಪ್ರಾರಂಭಿಸಿ.

ನೆಟ್‌ವರ್ಕ್ ಕೇಬಲ್ ಹಾಕಿದರೆ ಏರುತ್ತದೆ, ತೆಗೆದರೆ ಇಳಿಯುತ್ತದೆ.

1500 ಬೈಟಿನ ಚೌಕಟ್ಟುಗಳಲ್ಲಿ ಗಿಗಾಬಿಟ್ ಸಂಪರ್ಕ ತುಂಬಿದರೆ ಸೆಕೆಂಡಿಗೆ ಸುಮಾರು 81,000 ಪ್ಯಾಕೆಟ್ ಬರುತ್ತವೆ. ಒಂದೊಂದಕ್ಕೂ ಒಂದೊಂದು ಇಂಟರಪ್ಟ್ ಆದರೆ ಯಾವ ಪ್ರೊಸೆಸರ್ ತಾಳೀತು? ಹಾಗಾಗಿ ಕಾರ್ಡ್‌ಗಳು ಒಂದಷ್ಟು ಪ್ಯಾಕೆಟ್ ಕೂಡಿಟ್ಟು ಒಮ್ಮೆ ಕರೆಯುತ್ತವೆ. ಕಾರ್ಡ್‌ನ ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ ಇಂಟರಪ್ಟ್ ಮಾಡರೇಷನ್ ಎನೇಬಲ್ ಆಗಿರಬೇಕು. "ಪಿಂಗ್ ಕಡಿಮೆಯಾಗುತ್ತೆ" ಎಂಬ ಸಲಹೆ ಕೇಳಿ ಅದನ್ನು ಆಫ್ ಮಾಡಿಟ್ಟವರಲ್ಲೇ ಈ ದೂರು ಹೆಚ್ಚು. ಲಿನಕ್ಸ್‌ನಲ್ಲಿ ಎತ್‌ಟೂಲ್ ಆಜ್ಞೆಯಿಂದ ಆರ್‌ಎಕ್ಸ್-ಯುಸೆಕ್ಸ್ ಬೆಲೆಯನ್ನು 50ರ ಸುಮಾರಿಗೆ ಇಟ್ಟು ನೋಡಬಹುದು.

ಏನೂ ಡೌನ್‌ಲೋಡ್ ಆಗದಿದ್ದರೂ ಏರುತ್ತಿದ್ದರೆ ದೋಷ ಹೊರಗಿರಬಹುದು. ಸ್ವಿಚ್‌ನ ಎರಡು ಪೋರ್ಟ್‌ಗಳನ್ನು ಒಂದೇ ಕೇಬಲ್‌ನಿಂದ ಯಾರೋ ಜೋಡಿಸಿಬಿಟ್ಟಿದ್ದರೆ ಬ್ರಾಡ್‌ಕಾಸ್ಟ್ ಪ್ಯಾಕೆಟ್‌ಗಳು ಸುತ್ತುತ್ತಲೇ ಇರುತ್ತವೆ. ಕಚೇರಿ, ಸೈಬರ್ ಸೆಂಟರ್‌ಗಳಲ್ಲಿ ಇದನ್ನು ಮೊದಲು ನೋಡಿ.

ಬೆಳಗ್ಗೆ ಸರಿಯಿರುತ್ತದೆ, ಒಂದು ಗಂಟೆ ಓಡಿ ಬಿಸಿಯಾದ ಮೇಲೆ ಶುರುವಾಗುತ್ತದೆ. ಯಾಕೆ?

ಬಿಸಿಗೆ ಬದಲಾಗುವ ಭಾಗ ಯಾವುದೆಂದು ಕೇಳಿಕೊಳ್ಳಿ: ಕೆಪಾಸಿಟರ್, ಸಡಿಲ ಸಂಪರ್ಕ, ಚಿಪ್‌ಸೆಟ್ ಮೇಲಿನ ಒಣಗಿದ ಥರ್ಮಲ್ ಪೇಸ್ಟ್.

ಮದರ್‌ಬೋರ್ಡ್‌ನ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಬುಡದಲ್ಲಿ ಕಂದು ಅಂಟು ಕಂಡರೆ ಅದು ಮುಗಿದಿದೆ. 2000ದ ದಶಕದ ಮೊದಲ ವರ್ಷಗಳ ಬೋರ್ಡ್‌ಗಳಲ್ಲಿ ಇದು ದೊಡ್ಡ ಪಿಡುಗಾಗಿತ್ತು. ಬದಲಿಸುವಾಗ ಅಷ್ಟೇ ಮೈಕ್ರೊಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜ್, 105 ಡಿಗ್ರಿ ತಾಳುವ, ಕಡಿಮೆ ಇಎಸ್‌ಆರ್‌ (ಒಳರೋಧ) ಇರುವವನ್ನೇ ಹಾಕಿಸಿ. ರೇಡಿಯೊ ರಿಪೇರಿಗೆ ಇಟ್ಟ ಸಾಮಾನ್ಯ ಕೆಪಾಸಿಟರ್ ಇಲ್ಲಿ ಬಾಳುವುದಿಲ್ಲ.

ಎಸ್‌ಎಂಪಿಎಸ್ ಪರೀಕ್ಷೆಗೆ ಡಿಸ್ಕ್‌ಗೆ ಹೋಗುವ ನಾಲ್ಕು ಪಿನ್ನಿನ ಮೊಲೆಕ್ಸ್ ತುದಿ ಸಾಕು. ಯಂತ್ರ ಓಡುತ್ತಿರುವಾಗ, ಕೆಲಸದ ಹೊರೆ ಇರುವಾಗಲೇ ಅಳೆಯಿರಿ. ಹಳದಿ ಮತ್ತು ಕಪ್ಪು ತಂತಿಯ ನಡುವೆ 11.4ರಿಂದ 12.6 ವೋಲ್ಟ್, ಕೆಂಪು ಮತ್ತು ಕಪ್ಪಿನ ನಡುವೆ 4.75ರಿಂದ 5.25 ವೋಲ್ಟ್ ಇರಬೇಕು. ಮಲ್ಟಿಮೀಟರ್ ಸರಾಸರಿಯನ್ನಷ್ಟೇ ತೋರಿಸುತ್ತದೆ. ಒಳಗಿನ ಏರಿಳಿತ 12 ವೋಲ್ಟ್ ಸಾಲಿನಲ್ಲಿ 120 ಮಿಲಿವೋಲ್ಟ್, 5 ವೋಲ್ಟ್‌ನಲ್ಲಿ 50 ಮಿಲಿವೋಲ್ಟ್ ಮೀರಬಾರದು, ಅದನ್ನು ಕಾಣಲು ಆಸಿಲೊಸ್ಕೋಪ್ ಬೇಕು. ಅದು ಇಲ್ಲದವರು ಅದೇ ಮಾದರಿಯ ಇನ್ನೊಂದು ಎಸ್‌ಎಂಪಿಎಸ್ ಹಾಕಿ ನೋಡುವುದೇ ದಾರಿ. ವರ್ಕ್‌ಸ್ಟೇಷನ್‌ಗಳಲ್ಲಿ ಹಲವು ತಮ್ಮದೇ ವಿನ್ಯಾಸದ ಎಸ್‌ಎಂಪಿಎಸ್ ಬಳಸುತ್ತವೆ, ಕನೆಕ್ಟರ್ ಹೊಂದಿತೆಂದು ಮಾಮೂಲಿ ಎಟಿಎಕ್ಸ್ ಸಿಕ್ಕಿಸಿಬಿಡಬೇಡಿ. ಎಸ್‌ಎಂಪಿಎಸ್‌ನ ಡಬ್ಬಿಯನ್ನಂತೂ ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ.

ಮಂಗಳೂರು, ಉಡುಪಿ, ಕಾರವಾರದ ಕಡೆ ಉಪ್ಪು ಗಾಳಿಗೆ ಕಾರ್ಡ್‌ಗಳ ಚಿನ್ನದ ಪಟ್ಟಿಯ ಅಂಚು ಮಾಸುತ್ತದೆ. ಅಂಗಡಿಗಳಲ್ಲಿ ಪೆನ್ಸಿಲ್ ರಬ್ಬರ್‌ನಿಂದ ಉಜ್ಜುವ ರೂಢಿ ಇದೆ, ಅದನ್ನು ನಾವು ಒಪ್ಪುವುದಿಲ್ಲ. ಚಿನ್ನದ ಲೇಪ ಬಹಳ ತೆಳು, ರಬ್ಬರ್ ಪುಡಿ ಸ್ಲಾಟ್‌ನೊಳಗೆ ಉಳಿಯುತ್ತದೆ. ಶೇ. 99 ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನಾರು ಬಿಡದ ಬಟ್ಟೆ ಸಾಕು.

## ಆಳಕ್ಕಿಳಿದವರಿಗೆ

ಡಿವೈಸ್ ಮ್ಯಾನೇಜರ್‌ನಲ್ಲಿ ನಾಲ್ಕು ಸಾಧನಕ್ಕೆ ಒಂದೇ ಐಆರ್‌ಕ್ಯು (ಇಂಟರಪ್ಟ್ ಸಾಲಿನ ಸಂಖ್ಯೆ) 16 ಇದೆ, ಕೆಲವಕ್ಕೆ ಋಣ ಸಂಖ್ಯೆ ಇದೆ. ಇದು ಸರಿಯೇ?

ಎರಡೂ ಸರಿ. 1984ರ ಪಿಸಿ/ಎಟಿ ಕಾಲದಲ್ಲಿ ಇಂಟರಪ್ಟ್ ನಿಯಂತ್ರಿಸುವ ಎರಡು 8259 ಚಿಪ್ ಸೇರಿ ಒಟ್ಟು 15 ಉಪಯುಕ್ತ ಐಆರ್‌ಕ್ಯು. ಆಗ ಒಂದು ಸಂಖ್ಯೆ ಎರಡು ಕಾರ್ಡ್‌ಗೆ ಬಿದ್ದರೆ ಜಗಳ. ಪಿಸಿಐ ಬಂದ ಮೇಲೆ ಹಂಚಿಕೆಯೇ ನಿಯಮವಾಯಿತು. ನಾಲ್ಕು ಮನೆಗೆ ಒಂದೇ ಕರೆಗಂಟೆ ಇದ್ದಂತೆ: ಗಂಟೆ ಬಡಿದಾಗ ಎಲ್ಲ ಡ್ರೈವರ್‌ಗಳೂ "ನನ್ನದಾ?" ಎಂದು ತಮ್ಮ ಸಾಧನವನ್ನು ಕೇಳುತ್ತವೆ. ತನ್ನದೆಂದು ಕಂಡವನು ಸಾಧನಕ್ಕೆ ಉತ್ತರ ಕೊಟ್ಟು ತಂತಿ ಬಿಡಿಸುತ್ತಾನೆ.

ತೊಂದರೆ ಹುಟ್ಟುವುದೂ ಇಲ್ಲೇ. ಪಿಸಿಐ ಇಂಟರಪ್ಟ್ ಮಟ್ಟ ಆಧಾರಿತ. ತಂತಿಯನ್ನು ಕೆಳಗೆಳೆದ ಸಾಧನ ಬಿಡುವವರೆಗೂ ಸಂಕೇತ ಜೀವಂತ. ಅದನ್ನು ಬಿಡಿಸುವ ಡ್ರೈವರ್ ಇಲ್ಲದಿದ್ದರೆ ಪ್ರೊಸೆಸರ್ ಹಿಂದಿರುಗಿದ ಮರುಕ್ಷಣವೇ ಮತ್ತೆ ಅಲ್ಲಿಗೇ ಬರಬೇಕು. ಲೆಕ್ಕದಲ್ಲಿ ಮಾತ್ರ ಅದೇ ಸಾಲಿನ ಬೇರೆ ನಿರಪರಾಧಿ ಸಾಧನಗಳ ಹೆಸರು ಕಾಣುತ್ತದೆ. ಸೌಂಡ್ ಡ್ರೈವರ್ ಮೇಲೆ ಆರೋಪ ಬಂದರೆ, ಅದರ ಐಆರ್‌ಕ್ಯು ಹಂಚಿಕೊಂಡಿರುವ ಎಲ್ಲರನ್ನೂ ವಿಚಾರಿಸಿ. ಡಿವೈಸ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿ ರಿಸೋರ್ಸಸ್ ಬೈ ಟೈಪ್ ಆರಿಸಿದರೆ ಪಟ್ಟಿ ಸಿಗುತ್ತದೆ. ಹಳದಿ ಗುರುತಿನ, ಡ್ರೈವರ್ ಇಲ್ಲದ ಸಾಧನ ಅಲ್ಲಿದ್ದರೆ ಅದೇ ಮೊದಲ ಅನುಮಾನಿತ.

ಋಣ ಸಂಖ್ಯೆಯವು ಎಂಎಸ್‌ಐ ಬಳಸುವ ಸಾಧನಗಳು. ಇವು ತಂತಿ ಎಳೆಯುವುದಿಲ್ಲ, ನಿಗದಿತ ವಿಳಾಸಕ್ಕೆ ಒಂದು ಚಿಕ್ಕ ಬರಹ ಕಳಿಸುತ್ತವೆ. ಹಂಚಿಕೆ ಇಲ್ಲ, ಹಾಗಾಗಿ ಈ ಗೊಂದಲವೂ ಇಲ್ಲ.

ಹಾಗಾದರೆ ಎಲ್ಲ ಸಾಧನವನ್ನೂ ಎಂಎಸ್‌ಐಗೆ ಬದಲಿಸಿಬಿಡಲಾ?

ಎಲ್ಲವನ್ನೂ ಬೇಡ. ವಿಂಡೋಸ್ ವಿಸ್ತಾದಿಂದ ಈಚೆಗೆ ಎಂಎಸ್‌ಐ ಇದೆ, ಎಕ್ಸ್‌ಪಿಯಲ್ಲಿ ಇಲ್ಲ. ಗ್ರಾಫಿಕ್ಸ್ ಮತ್ತು ಅದರ ಎಚ್‌ಡಿಎಂಐ ಆಡಿಯೊಗೆ ಮಾಡಿದರೆ ಹೆಚ್ಚಾಗಿ ಒಳ್ಳೆಯದೇ ಆಗುತ್ತದೆ. ಡಿವೈಸ್ ಮ್ಯಾನೇಜರ್‌ನ ಡೀಟೇಲ್ಸ್ ಟ್ಯಾಬ್‌ನಿಂದ ಸಾಧನದ ಇನ್‌ಸ್ಟೆನ್ಸ್ ಪಾತ್ ಬರೆದುಕೊಳ್ಳಿ. ರಿಜಿಸ್ಟ್ರಿಯಲ್ಲಿ ಕರೆಂಟ್ ಕಂಟ್ರೋಲ್ ಸೆಟ್, ಈನಮ್, ಪಿಸಿಐ ಮೂಲಕ ಆ ಸಾಧನಕ್ಕೆ ಹೋಗಿ. ಅದರೊಳಗೆ ಡಿವೈಸ್ ಪ್ಯಾರಾಮೀಟರ್ಸ್, ಇಂಟರಪ್ಟ್ ಮ್ಯಾನೇಜ್‌ಮೆಂಟ್, ಮೆಸೇಜ್ ಸಿಗ್ನಲ್ಡ್ ಇಂಟರಪ್ಟ್ ಪ್ರಾಪರ್ಟೀಸ್ ಎಂಬಲ್ಲಿ ಎಂಎಸ್‌ಐ ಸಪೋರ್ಟೆಡ್ ಹೆಸರಿನ ಡಿವರ್ಡ್‌ಗೆ 1 ಕೊಟ್ಟು ಮರುಪ್ರಾರಂಭಿಸಿ. ಡ್ರೈವರ್ ಹೊಸದಾಗಿ ಹಾಕಿದಾಗ ಈ ಬದಲಾವಣೆ ಅಳಿಸಿಹೋಗಬಹುದು, ಮತ್ತೆ ನೋಡಿಕೊಳ್ಳಿ.

ಬೂಟ್ ಡಿಸ್ಕಿನ ಕಂಟ್ರೋಲರ್‌ಗೆ ಇದನ್ನು ಮುಟ್ಟಬೇಡಿ. ಆ ಡ್ರೈವರ್‌ಗೆ ಎಂಎಸ್‌ಐ ಬರದಿದ್ದರೆ ವಿಂಡೋಸ್ ತೆರೆಯುವುದೇ ಇಲ್ಲ. ರಿಸ್ಟೋರ್ ಪಾಯಿಂಟ್ ಮಾಡಿಯೇ ಮುಂದುವರಿಯಿರಿ.

ಲಿನಕ್ಸ್‌ನಲ್ಲಿ "ಐಆರ್‌ಕ್ಯು 16: ನೋಬಡಿ ಕೇರ್ಡ್" ಅಂತ ಬಂದು ಆಮೇಲೆ ಯುಎಸ್‌ಬಿ, ಸೌಂಡ್ ಎಲ್ಲ ನಿಧಾನ. ಏನಿದು?

ಒಂದು ಲಕ್ಷ ಇಂಟರಪ್ಟ್‌ಗಳಲ್ಲಿ 99,900ಕ್ಕಿಂತ ಹೆಚ್ಚನ್ನು ಯಾವ ಡ್ರೈವರ್ ಕೂಡ ತನ್ನದೆಂದು ಒಪ್ಪದಿದ್ದರೆ ಕರ್ನೆಲ್ (ಓಎಸ್‌ನ ತಿರುಳು) ಆ ಸಾಲನ್ನೇ ಮುಚ್ಚುತ್ತದೆ. ಯಂತ್ರ ಉಳಿಯುತ್ತದೆ, ಆದರೆ ಆ ಸಾಲಿನಲ್ಲಿದ್ದ ಪ್ರಾಮಾಣಿಕ ಸಾಧನಗಳೂ ಕಿವುಡಾಗುತ್ತವೆ. ಡಿಎಂಇಎಸ್‌ಜಿ ದಾಖಲೆಯಲ್ಲಿ ಆ ಸಂದೇಶದ ಕೆಳಗೆ ಹ್ಯಾಂಡ್ಲರ್‌ಗಳ (ಆ ಸಾಲಿನ ಡ್ರೈವರ್‌ಗಳ) ಪಟ್ಟಿ ಇರುತ್ತದೆ. ಅವರು "ನಮ್ಮದಲ್ಲ" ಎಂದವರು. ತಪ್ಪಿತಸ್ಥ ಆ ಪಟ್ಟಿಯಲ್ಲಿ ಇಲ್ಲದೆಯೂ ಇರಬಹುದು.

ಇದರ ಅತ್ಯಂತ ಪ್ರಸಿದ್ಧ ಉದಾಹರಣೆ ಎಎಸ್‌ಮೀಡಿಯಾದ ಎಎಸ್‌ಎಂ1083 ಎಂಬ ಸೇತುವೆ ಚಿಪ್. ಇಂಟೆಲ್ ಹಲವು ಚಿಪ್‌ಸೆಟ್‌ಗಳಿಂದ ಹಳೆಯ ಪಿಸಿಐ ಕೈಬಿಟ್ಟಾಗ, 2011ರ ಆಸುಪಾಸಿನ ಬೋರ್ಡ್‌ಗಳು ಪಿಸಿಐ ಸ್ಲಾಟ್ ಉಳಿಸಿಕೊಳ್ಳಲು ಇದನ್ನು ಬಳಸಿದವು. ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ತಂತಿಯೇ ಇಲ್ಲ. "ಎಳೆದೆ", "ಬಿಟ್ಟೆ" ಎಂಬ ಎರಡು ಸಂದೇಶ ಹೋಗುತ್ತವೆ. ಈ ಚಿಪ್ ಕೆಲವೊಮ್ಮೆ "ಬಿಟ್ಟೆ" ಎನ್ನುವುದನ್ನು ಕಳಿಸುವುದಿಲ್ಲ. ಸಾಧನ ಸುಮ್ಮನಾದರೂ ಪ್ರೊಸೆಸರ್ ಕಡೆಗೆ ಗಂಟೆ ಬಡಿಯುತ್ತಲೇ ಇರುತ್ತದೆ. ಎಲ್‌ಎಸ್‌ಪಿಸಿಐ ಆಜ್ಞೆಯ ಪಟ್ಟಿಯಲ್ಲಿ ಈ ಸೇತುವೆ ಕಂಡರೆ, ಅದರ ಹಿಂದಿನ ಸ್ಲಾಟ್‌ನಲ್ಲಿರುವ ಪಿಸಿಐ ಕಾರ್ಡ್ ತೆಗೆದು ಅದೇ ಕೆಲಸದ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಹಾಕುವುದೇ ಖಚಿತ ಪರಿಹಾರ. ಐಆರ್‌ಕ್ಯುಪೋಲ್ ಎಂಬ ಬೂಟ್ ಆಯ್ಕೆ ತಾತ್ಕಾಲಿಕ ಆಸರೆ. ಅದರಿಂದ ಪ್ರೊಸೆಸರ್ ಮೇಲಿನ ಹೊರೆ ಹೆಚ್ಚುತ್ತದೆ.

ಲಿನಕ್ಸ್‌ನಲ್ಲಿ ಐಆರ್‌ಕ್ಯು 9 ಒಂದೇ ಲಕ್ಷಗಟ್ಟಲೆ ಏರುತ್ತಿದೆ, ಕೆವರ್ಕರ್ ಎಂಬ ಕರ್ನೆಲ್ ಕೆಲಸ ಒಂದು ಕೋರ್ ತಿನ್ನುತ್ತಿದೆ.

9 ಎಸಿಪಿಐನ ಸಾಲು. ಪವರ್ ಬಟನ್, ನಿದ್ರೆಯಿಂದ ಎಬ್ಬಿಸುವ ಸಂಕೇತ, ಉಷ್ಣತೆ ಇವೆಲ್ಲ ಜಿಪಿಇ ಎಂಬ ಒಳಸಾಲುಗಳ ಮೂಲಕ ಇಲ್ಲಿಗೆ ಬರುತ್ತವೆ. ಸಿಸ್, ಫರ್ಮ್‌ವೇರ್, ಎಸಿಪಿಐ, ಇಂಟರಪ್ಟ್ಸ್ ಡೈರೆಕ್ಟರಿಯಲ್ಲಿ ಪ್ರತಿ ಜಿಪಿಇಗೂ ಒಂದು ಕಡತ ಇದೆ. ದೊಡ್ಡ ಸಂಖ್ಯೆ ಇರುವುದನ್ನು ಗುರುತಿಸಿ, ರೂಟ್ ಆಗಿ ಆ ಕಡತಕ್ಕೆ ಡಿಸೇಬಲ್ ಎಂಬ ಪದ ಬರೆಯಿರಿ. ಕೂಡಲೇ ಶಾಂತವಾದರೆ ರೋಗ ಸಿಕ್ಕಿತು. ಶಾಶ್ವತಗೊಳಿಸಲು ಎಸಿಪಿಐ ಮಾಸ್ಕ್ ಜಿಪಿಇ ಎಂಬ ಕರ್ನೆಲ್ ಆಯ್ಕೆ ಇದೆ, ಪದಗಳ ನಡುವೆ ಕೆಳಗೆರೆ ಹಾಕಬೇಕು. ಆ ಮೊದಲು ಬಯಾಸ್ ಅಪ್‌ಡೇಟ್ ಮಾಡಿ, ಮತ್ತು 3 ವೋಲ್ಟಿನ ಸಿಆರ್2032 ಸೆಲ್ ಅಳೆಯಿರಿ. 2.8ಕ್ಕಿಂತ ಇಳಿದಿದ್ದರೆ ಬದಲಿಸಿ, ಬಯಾಸ್ ಸೆಟ್ಟಿಂಗ್ ಕೆಟ್ಟಿದ್ದರೂ ವಿಚಿತ್ರಗಳು ಹುಟ್ಟುತ್ತವೆ. ಮುಚ್ಚಿದ ಜಿಪಿಇಯಿಂದಾಗಿ ಸ್ಲೀಪ್ ಅಥವಾ ವೇಕ್ ಆನ್ ಲ್ಯಾನ್ ಕೆಲಸ ಮಾಡದಿರಬಹುದು.

ಝಡ್800, ಟಿ7500ನಂಥ ಯಂತ್ರಗಳಿಗೇ ಇರುವ ವಿಶೇಷ ತೊಂದರೆ ಏನಾದರೂ ಇದೆಯಾ?

ಇದೆ. ಈ ಪೀಳಿಗೆಯ ಯಂತ್ರಗಳಲ್ಲಿರುವ ಇಂಟೆಲ್ 5500, 5520 ಮತ್ತು ಎಕ್ಸ್58 ಚಿಪ್‌ಸೆಟ್‌ನ ಕೆಲವು ಆವೃತ್ತಿಗಳಲ್ಲಿ, ಇಂಟರಪ್ಟ್‌ಗಳನ್ನು ಸರಿಯಾದ ಕಡೆಗೆ ತಿರುಗಿಸುವ ಇಂಟರಪ್ಟ್ ರೀಮ್ಯಾಪಿಂಗ್ ಎಂಬ ಸೌಲಭ್ಯವೇ ದೋಷಪೂರಿತ. ವರ್ಚುವಲ್ ಯಂತ್ರ ಓಡಿಸುವವರು ಬಯಾಸ್‌ನಲ್ಲಿ ವಿಟಿ-ಡಿ ಆನ್ ಮಾಡಿದಾಗ ಇಂಟರಪ್ಟ್ ಕಳೆದುಹೋಗಿ ಡಿಸ್ಕ್ ಅಥವಾ ನೆಟ್‌ವರ್ಕ್ ಇದ್ದಕ್ಕಿದ್ದಂತೆ ನಿಲ್ಲಬಹುದು. ಲಿನಕ್ಸ್ ಈ ಚಿಪ್‌ಸೆಟ್ ಗುರುತಿಸಿ ರೀಮ್ಯಾಪಿಂಗ್ ಅನ್ನು ತಾನೇ ಆಫ್ ಮಾಡಿ ದಾಖಲೆಯಲ್ಲಿ ಎಚ್ಚರಿಕೆ ಬರೆಯುತ್ತದೆ. ಬಯಾಸ್ ಕೊನೆಯ ಆವೃತ್ತಿಗೆ ತನ್ನಿ, ಸಾಧನಗಳನ್ನು ವರ್ಚುವಲ್ ಯಂತ್ರಕ್ಕೆ ನೇರ ಒಪ್ಪಿಸುವ ಅಗತ್ಯವಿಲ್ಲದಿದ್ದರೆ ವಿಟಿ-ಡಿ ಆಫ್ ಇರಲಿ.

ಈವೆಂಟ್ ವ್ಯೂವರ್ ತುಂಬಾ "ಡಬ್ಲ್ಯುಎಚ್‌ಇಎ-ಲಾಗರ್ 17" ಇದೆ. ಕರೆಕ್ಟೆಡ್ ಅಂತಿದೆಯಲ್ಲ, ಬಿಡಬಹುದಾ?

ಬಿಡಬೇಡಿ. ಪಿಸಿಐ ಎಕ್ಸ್‌ಪ್ರೆಸ್ ಕೊಂಡಿಯಲ್ಲಿ ದತ್ತಾಂಶ ಕೆಟ್ಟು ಮತ್ತೆ ಕಳಿಸಲಾಗಿದೆ ಎಂದರ್ಥ, ಪ್ರತಿ ದೋಷಕ್ಕೂ ಒಂದು ಇಂಟರಪ್ಟ್. ಲಿನಕ್ಸ್‌ನಲ್ಲಿ ಇದೇ ಎಇಆರ್ ಸಂದೇಶವಾಗಿ ಬರುತ್ತದೆ. ಕಾರ್ಡ್ ಕಿತ್ತು ಒರೆಸಿ ಮತ್ತೆ ಕೂರಿಸಿ, ಬೇರೆ ಸ್ಲಾಟ್ ಪ್ರಯತ್ನಿಸಿ, ರೈಸರ್ ಕೇಬಲ್ ಇದ್ದರೆ ತೆಗೆಯಿರಿ, ಪವರ್ ಆಪ್ಷನ್ಸ್‌ನಲ್ಲಿ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ. ಬಯಾಸ್‌ನಲ್ಲಿ ಆ ಸ್ಲಾಟ್‌ನ ವೇಗವನ್ನು ಒಂದು ಪೀಳಿಗೆ ಇಳಿಸುವುದೂ ಹಲವು ಸಲ ಫಲಿಸುತ್ತದೆ. ನೋಎಇಆರ್ ಬೂಟ್ ಆಯ್ಕೆ ಸಂದೇಶವನ್ನು ಅಡಗಿಸುತ್ತದೆ, ದೋಷ ಹಾಗೇ ಇರುತ್ತದೆ.

ಯಾವ ಕೌಂಟರ್‌ನಲ್ಲೂ ಏನೂ ಇಲ್ಲ. ಆದರೂ ನಿಯಮಿತವಾಗಿ ಕ್ಷಣಕಾಲ ಸ್ತಬ್ಧವಾಗುತ್ತದೆ.

ಓಎಸ್‌ಗೆ ಕಾಣದ ಇಂಟರಪ್ಟ್ ಒಂದಿದೆ: ಎಸ್‌ಎಂಐ. ಅದು ಬಂದಾಗ ಎಲ್ಲ ಕೋರ್‌ಗಳೂ ನಿಂತು ಬಯಾಸ್‌ನ ಗುಪ್ತ ಭಾಗ ಓಡುತ್ತದೆ, ವಿಂಡೋಸ್‌ಗೆ ಸಮಯ ಜಾರಿದ್ದು ಮಾತ್ರ ಗೊತ್ತಾಗುತ್ತದೆ. ಫ್ಯಾನ್ ನಿಯಂತ್ರಣ, ಮೆಮೊರಿ ದೋಷಗಳ ಎಣಿಕೆ, ಯುಎಸ್‌ಬಿ ಕೀಬೋರ್ಡನ್ನು ಪಿಎಸ್/2 ಎಂದು ನಟಿಸುವುದು ಇದರ ಕೆಲಸಗಳು.

ನೆಹಲೆಮ್ ಪೀಳಿಗೆಯಿಂದ ಈಚಿನ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಎಸ್‌ಎಂಐ ಎಣಿಸುವ ರಿಜಿಸ್ಟರ್ ಇದೆ. ಲಿನಕ್ಸ್‌ನ ಟರ್ಬೊಸ್ಟ್ಯಾಟ್ ಅದನ್ನು ಎಸ್‌ಎಂಐ ಎಂಬ ಕಂಬಸಾಲಿನಲ್ಲಿ ತೋರಿಸುತ್ತದೆ. ಎಷ್ಟು ಹೊತ್ತು ನಿಲ್ಲುತ್ತಿದೆ ಎಂದು ತಿಳಿಯಲು ಆರ್‌ಟಿ-ಟೆಸ್ಟ್ಸ್ ಪ್ಯಾಕೇಜಿನ ಎಚ್‌ಡಬ್ಲ್ಯುಲ್ಯಾಟ್‌ಡಿಟೆಕ್ಟ್ ಬಳಸಿ. ಸ್ತಬ್ಧವಾದಾಗಲೆಲ್ಲ ಎಣಿಕೆ ಏರುತ್ತಿದ್ದರೆ ಬಯಾಸ್‌ನಲ್ಲಿ ಲೆಗಸಿ ಯುಎಸ್‌ಬಿ ಸಪೋರ್ಟ್ ಆಫ್ ಮಾಡಿ ನೋಡಿ. ಆಗ ಬೂಟ್ ಮೆನುವಿನಲ್ಲಿ ಯುಎಸ್‌ಬಿ ಕೀಬೋರ್ಡ್ ಕೆಲಸ ಮಾಡದೇ ಹೋಗಬಹುದು, ಪಿಎಸ್/2 ಕೀಬೋರ್ಡ್ ಒಂದನ್ನು ಕೈಗೆಟುಕುವಂತೆ ಇಟ್ಟುಕೊಳ್ಳಿ. ದೋಷವನ್ನು ತಾನೇ ಸರಿಪಡಿಸುವ ಇಸಿಸಿ ಮೆಮೊರಿ ಇರುವ ಯಂತ್ರದಲ್ಲಿ ಸಾಯುತ್ತಿರುವ ಒಂದು ರ‍್ಯಾಮ್ ಪಟ್ಟಿ, ಸರಿಪಡಿಸಿದ ಪ್ರತಿ ದೋಷಕ್ಕೂ ಎಸ್‌ಎಂಐ ಎಬ್ಬಿಸಬಹುದು. ಬಯಾಸ್‌ನ ಈವೆಂಟ್ ಲಾಗ್‌ನಲ್ಲಿ ಅದರ ಸ್ಲಾಟ್ ಸಂಖ್ಯೆ ಸಿಕ್ಕರೆ ಆ ಪಟ್ಟಿಯೊಂದನ್ನೇ ಬದಲಿಸಿ.

ಎಲ್ಲ ಮಾಡಿದೆ. ಬರೀ ಬೋರ್ಡ್, ಒಂದು ರ‍್ಯಾಮ್, ಗ್ರಾಫಿಕ್ಸ್ ಇಟ್ಟರೂ ಹೋಗಲಿಲ್ಲ. ಮುಂದೇನು?

ಬಯಾಸ್ ಡೀಫಾಲ್ಟ್‌ಗೆ ತಂದು, ಬೇರೆ ಎಸ್‌ಎಂಪಿಎಸ್ ಮತ್ತು ಬೇರೆ ಗ್ರಾಫಿಕ್ಸ್ ಕಾರ್ಡ್‌ನಲ್ಲೂ ಲೈವ್ ಲಿನಕ್ಸ್ ಅದೇ ಸಾಲಿನ ಪ್ರವಾಹ ತೋರಿಸುತ್ತಿದ್ದರೆ ದೋಷ ಬೋರ್ಡಿನಲ್ಲಿದೆ. ಆ ಸಾಲಿಗೆ ಸೇರಿದ ಆನ್‌ಬೋರ್ಡ್ ಸಾಧನವನ್ನು ಬಯಾಸ್‌ನಲ್ಲಿ ಆಫ್ ಮಾಡಲು ಸಾಧ್ಯವಾದರೆ ಹಾಗೆ ಮಾಡಿ, ಅದರ ಕೆಲಸಕ್ಕೆ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಹಾಕಿ ಯಂತ್ರವನ್ನು ಮುಂದುವರಿಸಬಹುದು. ಸಾಧ್ಯವಾಗದಿದ್ದರೆ ಅದೇ ಮಾದರಿಯ ಬೋರ್ಡ್ ಹುಡುಕಿ. ಕೊಳ್ಳುವ ಮೊದಲು ಭಾಗ ಸಂಖ್ಯೆ ಮತ್ತು ಆವೃತ್ತಿ ಎರಡನ್ನೂ ಹೋಲಿಸಿ, ಒಂದೇ ಮಾದರಿಯ ಹಳೆಯ ಆವೃತ್ತಿಯ ಬೋರ್ಡ್ ನಿಮ್ಮ ಪ್ರೊಸೆಸರ್ ಪೀಳಿಗೆಯನ್ನು ಒಪ್ಪದಿರಬಹುದು. ಝಡ್ ಸರಣಿಯಲ್ಲಿ ಈ ಕಾರಣಕ್ಕೇ ಹಣ ಕಳೆದುಕೊಂಡವರಿದ್ದಾರೆ. ಅಂಗಡಿಯಲ್ಲೇ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿಸಿ, ಇಂಟರಪ್ಟ್ಸ್ ಕಡತವನ್ನು ಹತ್ತು ನಿಮಿಷದ ಅಂತರದಲ್ಲಿ ಎರಡು ಸಲ ಓದಿದ ಮೇಲೆಯೇ ದುಡ್ಡು ಕೊಡಿ.